ಐದನೆಯ ಬೀಗ

ಮನೆಯ ಕೀಲಿಯ ಮೊನೆಯನ್ನು ತಾಮ್ರದ ಗಿಂಡಿಯ ಬೆಸುಗೆಗೆ ಒತ್ತಿ ಸಿಂಧೂರ ಇನ್ನೊಮ್ಮೆ ಮೀಟಿದಳು. ಕೀಲಿ ಜಾರಿ ಹೆಬ್ಬೆರಳಿಗೆ ತಾಗಿತು. ಅಜ್ಜಿ ಕಾಶಿಯಿಂದ ತಂದು, ಅಮೆರಿಕಕ್ಕೆ ಹೊರಟ ಅಮ್ಮನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದ ಗಂಗೆ ಅದು. ಇಪ್ಪತ್ತೆಂಟು ವರ್ಷ ದೇವರ ಗೂಡಿನಲ್ಲಿ ಹಾಗೇ ಇತ್ತು.

"ನೆಲಕ್ಕೆ ಕುಟ್ಟಬೇಡ ಕಣೇ, ಚೆಲ್ಲಿಹೋಗತ್ತೆ," ಎಂದರು ಕುಮುದಾ ಆಂಟಿ. ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚಿನಲ್ಲಿ ಅಮ್ಮನ ಪಕ್ಕದ ಬೀದಿಯವರು. ಪುರೋಹಿತರು ಸ್ಯಾನ್ ಡಿಯೇಗೊದಲ್ಲಿ ಯಾರದೋ ಮದುವೆ ಮಾಡಿಸಲು ಹೋಗಿದ್ದರಿಂದ ಇವತ್ತು ಆಂಟಿಗೆ ತಿಳಿದಷ್ಟೇ ಶಾಸ್ತ್ರ. "ಬಾಯಿಗೆ ಎರಡು ತೊಟ್ಟು ಗಂಗೆ, ಒಂದು ದಳ ತುಳಸಿ. ಅಷ್ಟಾದ್ರೆ ಸಾಕು. ಹೋಗೋ ಜೀವ ಬಾಯಾರಿ ಹೋಗಬಾರದು ನೋಡು."

ಅಮ್ಮನನ್ನು ಕಡೆಯ ಸಲ ನೋಡಲು ಶವಾಗಾರದವರು ಕೊಟ್ಟಿದ್ದು ಒಂದು ಗಂಟೆ. ಹನ್ನೊಂದರಿಂದ ಹನ್ನೆರಡು. ಆಮೇಲೆ ಆ ಕೋಣೆ ಇನ್ನೊಂದು ಕುಟುಂಬಕ್ಕೆ.

ಅಷ್ಟರಲ್ಲಿ ಪಾರ್ಕಿಂಗಿಗೆ ಒಂದರ ಹಿಂದೊಂದು ಕಾರುಗಳು ಬಂದವು. ಇಳಿದವರೆಲ್ಲ ಗುರುತಿಲ್ಲದವರು; ಮೆಕ್ಸಿಕನ್ನರು, ಬಿಳಿಯರು, ಒಬ್ಬ ಕೊರಿಯನ್ ಮುದುಕ. ಕತ್ತಿನವರೆಗೆ ಹಚ್ಚೆ ಹಾಕಿಸಿಕೊಂಡಿದ್ದ ಗಂಡಸೊಬ್ಬ ಕಾರಿಗೆ ಒರಗಿ ಅಳುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಅಪ್ಪ, ಉದಯಶಂಕರ, ಬಂದವರನ್ನು ನೋಡಿ ಮುಖ ತಿರುಗಿಸಿದರು. ರೆಡೊಂಡೊ ಬೀಚಿನ ವಿಮಾನದ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ ಎಂದು ಕನ್ನಡ ಸಂಘದವರಿಗೆಲ್ಲ ಹೇಳಿಕೊಂಡು ಬಂದಿದ್ದರು.

"ಲೈಬ್ರರಿಯೋರು ಇಷ್ಟೊಂದು ಅಳ್ತಾರಾ?" ಎಂದು ಆಂಟಿ ಮೆಲ್ಲಗೆ ಕೇಳಿದರು.

*

ಇಪ್ಪತ್ತು ವರ್ಷ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಫೋನೆತ್ತಿಕೊಂಡು ಕೂತಿದ್ದ ಅಮ್ಮ, ವತ್ಸಲಾ, ಕೋವಿಡ್ಡಿನಲ್ಲಿ ಅದು ಮುಚ್ಚಿದ ಮೇಲೆ, ಅರವತ್ತೊಂದರಲ್ಲಿ, ನಟಿಯಾದಳು. ಲಾಸ್ ಏಂಜಲೀಸ್ ಡೌನ್‌ಟೌನಿನ ಹಳೆಯ ಗೋದಾಮೊಂದರಲ್ಲಿ ಎಸ್ಕೇಪ್ ರೂಮ್ ನಡೆಸುವವರು ವಯಸ್ಸಾದ ಹೆಂಗಸನ್ನು ಹುಡುಕುತ್ತಿದ್ದರು. ದುಡ್ಡು ಕೊಟ್ಟು ಒಳಗೆ ಬಂದವರನ್ನು ಒಂದು ಗಂಟೆ ಕೂಡಿಹಾಕುತ್ತಾರೆ. ಸುಳಿವು ಹುಡುಕಿ ಬೀಗ ಬಿಡಿಸಿಕೊಂಡು ಅವರು ಹೊರಬರಬೇಕು. ಈ ಕೋಣೆಯಲ್ಲಿ ಬೀಗಗಳ ಜೊತೆ ಒಂದು ಜೀವವೂ ಇತ್ತು. ಸಾಯುತ್ತಿರುವ ತಾಯಿ. ಬಂದವರೆಲ್ಲ ಅವಳ ಮಕ್ಕಳು.

"ಸಾಯೋ ಪಾತ್ರಕ್ಕೆ ನೀನೇ ಬೇಕಿತ್ತಾ?" ಎಂದು ಅಪ್ಪ ಕೇಳಿದ್ದರು. ಅಮ್ಮ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಇಂಗ್ಲಿಷಿನಲ್ಲಿ ಮಾತುಗಳನ್ನು ಉರು ಹೊಡೆಯುತ್ತಿದ್ದಳು. ಯಾರಿದ್ದೀರಿ ಅಲ್ಲಿ, ನನಗೆ ಬಾಯಾರಿಕೆ. ಅಪ್ಪ ಟೀವಿಯ ಸದ್ದು ಏರಿಸುತ್ತಿದ್ದರು.

2022ರ ಡಿಸೆಂಬರಿನಲ್ಲಿ ಸಿಂಧೂರಳ ಆಫೀಸಿನವರು ಸ್ಯಾನ್ ಡಿಯೇಗೊದಿಂದ ವ್ಯಾನ್ ಮಾಡಿಕೊಂಡು ಎಸ್ಕೇಪ್ ರೂಮ್ ಆಡಲು ಬಂದರು; ಸಿಂಧೂರಳೂ ಜೊತೆಗಿದ್ದಳು. ಟಿಕೆಟ್ ಮಾಡಿಸಿದವರು ಬೇರೆ ಯಾರೋ. ಮಂಚದ ಮೇಲೆ ಅಮ್ಮನನ್ನು ಕಂಡಾಗಲೇ ಇದು ಯಾವ ಕೋಣೆಯೆಂದು ಅವಳಿಗೆ ತಿಳಿದದ್ದು. ಇವಳು ನನ್ನ ಅಮ್ಮ ಎಂದು ಅವಳು ಯಾರಿಗೂ ಹೇಳಲಿಲ್ಲ. ಮಂಚದಲ್ಲಿದ್ದವಳೂ ಹೇಳಲಿಲ್ಲ. ನಿಮ್ಮಲ್ಲಿ ಹಿರಿಯರು ಯಾರು ಎಂದು ಪಾತ್ರ ಕೇಳಿದಾಗ, ಮೈಬಣ್ಣ ಹೊಂದುತ್ತದೆಂದು ನಗುತ್ತ ಎಲ್ಲರೂ ಸಿಂಧೂರಳನ್ನೇ ಮುಂದೆ ತಳ್ಳಿದರು. ಅಮ್ಮ ಅವಳ ಮಣಿಕಟ್ಟು ಹಿಡಿದು ಬಾಯಾರಿಕೆ ಎಂದಳು. ಸಿಂಧೂರ ಕೈ ಬಿಡಿಸಿಕೊಂಡು ಗಡಿಯಾರದ ಹಿಂದಿನ ಅಂಕಿಗಳನ್ನು ಓದತೊಡಗಿದಳು.

ನಲವತ್ತೊಂದು ನಿಮಿಷದಲ್ಲಿ ನಾಲ್ಕು ಬೀಗ ತೆಗೆದಳು. ಐದನೆಯದು ಬಾಗಿಲಿನದು. ಅದಕ್ಕೆ ಅಂಕಿಯೂ ಇರಲಿಲ್ಲ, ಕೀಲಿಯ ಕಂಡಿಯೂ ಇರಲಿಲ್ಲ. ಉಳಿದ ಹತ್ತೊಂಬತ್ತು ನಿಮಿಷ ಎಲ್ಲರೂ ಗೋಡೆ ತಡವಿದರು, ಚಾಪೆ ಎತ್ತಿದರು. ಮಂಚದಿಂದ ಆ ಮಾತು ಇನ್ನೂ ಮೂರು ಸಲ ಬಂತು. ಆಮೇಲೆ ಗಂಟೆ ಹೊಡೆಯಿತು. ಅಮ್ಮ ಎದ್ದು ಕೂತು ಸೋತವರೆಲ್ಲರಿಗೂ ಒಂದೇ ಥರ ಕೈಮುಗಿದಳು.

ಮುಂದೆ ಯುಗಾದಿಗೆ ಒಬ್ಬಟ್ಟು ಬಡಿಸುವಾಗ ಅಮ್ಮ ಕೇಳಿದ್ದು ಒಂದೇ. "ಅವತ್ತು ಟ್ರಾಫಿಕ್ ಇತ್ತಾ?"

"ಇತ್ತು," ಎಂದಿದ್ದಳು ಸಿಂಧೂರ.

*

ಅಮ್ಮನಿಗೆ ಶವಾಗಾರದವರು ಹಸಿರು ಅಂಚಿನ ಸೀರೆ ಉಡಿಸಿದ್ದರು. ಸೆರಗು ತಪ್ಪು ಭುಜದ ಮೇಲಿತ್ತು. ಬಂದವರು ಒಬ್ಬೊಬ್ಬರಾಗಿ ಪೆಟ್ಟಿಗೆಯ ಬಳಿ ಹೋಗಿ ಅವಳ ಕೈ ಮುಟ್ಟಿದರು. ಹೇಗೆ ಮುಟ್ಟಬೇಕೆಂದು ಅವರಿಗೆ ಗೊತ್ತಿತ್ತು.

ಎಸ್ಕೇಪ್ ರೂಮಿನ ಒಡತಿ ರೋಸಾ ಎಂಬವಳು ಸಿಂಧೂರಳ ಪಕ್ಕ ಬಂದು ಕೂತಳು. ಸಿಂಧೂರ ಕೇಳಲೋ ಬೇಡವೋ ಎಂದು ತಡೆದು, ಕೊನೆಗೆ ಇಂಗ್ಲಿಷಿನಲ್ಲಿ ಐದನೆಯ ಬೀಗ ತೆರೆಯುವುದು ಹೇಗೆ ಎಂದು ಕೇಳಿದಳು.

ರೋಸಾ ಮೊದಲು ಅಲ್ಲಿಗೂ ಅಂಕಿಯ ಬೀಗವನ್ನೇ ಹಾಕಿಸಿದ್ದಳಂತೆ. ತಮ್ಮ ಕಡೆ ಹಾಗಲ್ಲ ಎಂದು ವತ್ಸಲಾ ಹಟ ಹಿಡಿದು ತೆಗೆಸಿದಳಂತೆ. ಮಂಚದ ಪಕ್ಕದ ಮೇಜಿನ ಮೇಲೆ ಸ್ಟೀಲಿನ ಲೋಟ ಇರುತ್ತಿತ್ತು, ಎಲ್ಲರ ಕಣ್ಣೆದುರೇ. ಯಾರಾದರೂ ಅದನ್ನೆತ್ತಿ ಅವಳ ಬಾಯಿಗೆ ಒಂದು ಗುಟುಕು ನೀರು ಹಿಡಿದರೆ ಗಾಜಿನ ಹಿಂದೆ ಕೂತ ರೋಸಾ ಗುಂಡಿ ಒತ್ತಬೇಕು, ಬಾಗಿಲು ತೆರೆಯಬೇಕು. ಹತ್ತರಲ್ಲಿ ಒಂದು ಗುಂಪು ನೀರು ಕೊಡುತ್ತಿತ್ತು. ಇವತ್ತು ಬಂದವರೆಲ್ಲ ಕೊಟ್ಟವರು. ಹಚ್ಚೆಯ ಗಂಡಸಿನ ತಾಯಿ ಕೋವಿಡ್ಡಿನಲ್ಲಿ ಹೋದಾಗ ಆಸ್ಪತ್ರೆಯವರು ಅವನನ್ನು ಒಳಗೆ ಬಿಟ್ಟಿರಲಿಲ್ಲ. ಅವನು ಆ ಕೋಣೆಗೆ ಏಳು ಸಲ ಬಂದಿದ್ದನಂತೆ.

ಸಿಂಧೂರಳ ಕೈಯಲ್ಲಿ ಗಿಂಡಿ ಇನ್ನೂ ಹಾಗೇ ಇತ್ತು. ಆ ಗಂಡಸು ಅದನ್ನು ನೋಡಿ, ಕೇಳಿ, ತೆಗೆದುಕೊಂಡ. ಜೇಬಿನ ಚಾಕುವಿನಿಂದ ಒಂದೇ ತಿರುವಿಗೆ ಬೆಸುಗೆ ಬಿಡಿಸಿ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

ಹಿಂದೆ ನಿಂತಿದ್ದ ಅಪ್ಪ ರೋಸಾಳ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು.

"ಅವಳು ಹೋದ್ಲಲ್ಲ, ಆ ಮಂಗಳವಾರ ಮಧ್ಯಾಹ್ನ ಕೂಗಿದ್ಲು ಕಣಮ್ಮ," ಎಂದರು. "ಯಾರಿದ್ದೀರಿ ಅಲ್ಲಿ, ಸ್ವಲ್ಪ ನೀರು ಕೊಡಿ ಅಂತ. ದಿನಾ ಆರು ಸಲ ಸಾಯೋಳು. ಪ್ರಾಕ್ಟೀಸ್ ಮಾಡ್ತಿದಾಳೆ ಅಂದ್ಕೊಂಡೆ."

"ಯಾವ ಭಾಷೇಲಿ ಕೇಳಿದ್ಲು?"

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಕನ್ನಡದಲ್ಲಿ."

ಸಿಂಧೂರ ಅವರ ಮುಖ ನೋಡಲಿಲ್ಲ. ಬೈಯುವ ಹಕ್ಕು ತನಗೂ ಇರಲಿಲ್ಲ.

"ಟೈಮಾಗ್ತಾ ಬಂತು, ಬಾಮ್ಮ," ಎಂದು ಕುಮುದಾ ಆಂಟಿ ಗಂಗೆ ತುಂಬಿ ತುಳಸಿ ಹಾಕಿದ ಉದ್ಧರಣೆಯನ್ನು ಅವಳ ಕೈಗಿಟ್ಟರು. ಸಿಂಧೂರ ಬಾಗಿ, ಆ ಪುಟ್ಟ ಚಮಚದ ಮೊನೆಯನ್ನು ಅಮ್ಮನ ತುಟಿಗೆ ತಾಗಿಸಿದಳು. ತುಟಿ ಬಿಡಲಿಲ್ಲ. ಎಡಗೈಯ ಬೆರಳಿಂದ ಕೆಳತುಟಿಯನ್ನು ಮೆಲ್ಲಗೆ ಎಳೆದಳು. ಅಂಟು ಹಾಕಿದ ಹಾಗಿತ್ತು. ಅಂಟೇ ಹಾಕಿದ್ದರು. ಮೊನ್ನೆ ಸ್ಯಾನ್ ಡಿಯೇಗೊದಿಂದ ಬರುತ್ತ, ಪೆಟ್ರೋಲ್ ಬಂಕಿನಲ್ಲಿ ನಿಂತು, ಶವಾಗಾರದವರು ಫೋನಿಗೆ ಕಳಿಸಿದ್ದ ಕಾಗದಗಳಿಗೆ ಅವಳು ಸಹಿ ಹಾಕಿದ್ದಳು. ಕಣ್ಣು, ಬಾಯಿ ಮುಚ್ಚಿ ಮುಖ ಸರಿಪಡಿಸಲು ಒಪ್ಪಿಗೆ ಎಂಬ ಸಾಲು ಅದರಲ್ಲಿತ್ತು. ಓದದೆ ಒತ್ತಿದ್ದಳು.

"ಏನಾಯ್ತೇ?" ಎಂದರು ಆಂಟಿ.

ಸಿಂಧೂರ ಉದ್ಧರಣೆಯನ್ನು ಬಗ್ಗಿಸಿದಳು. ನೀರು ಮುಚ್ಚಿದ ತುಟಿಗಳ ಮೇಲೆ ಒಂದು ಗಳಿಗೆ ನಿಂತು, ಬಾಯಿಯ ಅಂಚಿನಿಂದ ಗಲ್ಲಕ್ಕೆ ಇಳಿದು, ತಪ್ಪು ಭುಜದ ಸೆರಗಿನಲ್ಲಿ ಇಂಗಿತು. ಇನ್ನೊಮ್ಮೆ ತುಂಬಿದಳು. ಮತ್ತೂ ಒಮ್ಮೆ. ಕೋಣೆಯಲ್ಲಿದ್ದ ಅಷ್ಟೂ ಜನ ನೋಡುತ್ತಿದ್ದರು. ತುಳಸಿಯ ದಳ ಗದ್ದಕ್ಕೆ ಅಂಟಿಕೊಂಡಿತ್ತು.

ಹಿಂದೆ ಬಾಗಿಲು ತೆರೆದುಕೊಂಡಿತು. ಗಾಲಿಯ ಮೇಜು ತಳ್ಳಿಕೊಂಡು ಬಂದ ಶವಾಗಾರದವನು ಗಡಿಯಾರ ನೋಡಿ, ತಗ್ಗಿದ ದನಿಯಲ್ಲಿ, ಒಂದು ಗಂಟೆ ಮುಗಿಯಿತು ಎಂದ.