ಆಳಿನ ರೇಡಿಯೊ

"ಇಟ್ಟು ಆಳಾಗೋದಲ್ಲ ಕಣೋ ಬೋಳಿಮಗನೆ. ಹಿಟ್ಟು. ಹಾಳು. ಆಳು ಅಂದ್ರೆ ನೀನು."

ಪರದೇಶದ ನಗರವೊಂದರ ಸ್ಯಾಂಟ್ರಿ ಬಡಾವಣೆಯ ಹೋಟೆಲಿನ ಅಡುಗೆಮನೆಯಲ್ಲಿ ಚಿಕ್ಕಣ್ಣ ದೋಸೆಹಿಟ್ಟಿನ ಪಾತ್ರೆ ಹಿಡಿದು ನಿಂತಿದ್ದ. ಹಿಟ್ಟು ಹುಳಿ ಮೀರಿ ನಾರುತ್ತಿತ್ತು; ಇಟ್ಟು ಆಳಾಗೈತೆ ಎಂದದ್ದಕ್ಕೇ ಈ ಪಾಠ. ಸಕ್ಕರೆ ಸುರಿದು ಹುಯ್ಯಿ ಎಂದು ಸಾಹುಕಾರ ಚಂದ್ರಕಾಂತ ಹೊರಟುಹೋದ. ಬೈಗುಳ ಹೊಸದಲ್ಲ, ಇಲ್ಲಿ ದುಡಿಯುವ ಪರ್ಮಿಟ್ಟು ಅವನ ಕೈಯಲ್ಲಿದ್ದ ಮೇಲೆ ನಾಲಿಗೆಯೂ ಅವನದೇ. ಉರಿದದ್ದು ಬೇರೆ. ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಜಯಶೀಲಾ ಕಿಸಕ್ಕನೆ ನಕ್ಕಿದ್ದಳು.

ಈ ಚಂದ್ರಕಾಂತನಿಗೊಂದು ಶೋಕಿ. ಕ್ಯಾಬಿನ್ನಿನಲ್ಲಿ ಅಂಗೈಯಗಲದ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಗಿರಾಕಿಗಳು ಕೂರುವಲ್ಲೊಂದು, ಅಡುಗೆಮನೆಯಲ್ಲೊಂದು ರೇಡಿಯೊ ಹಾಕಿಸಿ ದಿನವಿಡೀ ಅಚ್ಚಗನ್ನಡದ ಮಾತಿನ ಜೇನು ಸುರಿಸುತ್ತಿದ್ದ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರಿನವರು ದೋಸೆ ಮುರಿಯುತ್ತ ತಲೆದೂಗುತ್ತಿದ್ದರು. ಅವರು ದೂಗಲಿ. ಜಯಶೀಲಾ ಯಾಕೆ ದೂಗಬೇಕು? ಪಾತ್ರೆ ತಿಕ್ಕುತ್ತ ಆ ಡಬ್ಬಿ ಹೇಳಿದ ಹಿಂದೆಯೇ ಹಾಲು, ಹೂವು, ಹಣ್ಣು ಎಂದು ಹೇಳಿಕೊಳ್ಳುತ್ತಿದ್ದಳು. ಅವಳ ಒಂದೊಂದು ಹಕಾರವೂ ಚಿಕ್ಕಣ್ಣನ ಹೊಟ್ಟೆಗೆ ಬಿದ್ದ ಕೆಂಡ.

"ಆ ಸೂಳೆಮಗನ ಬಾಯಿ ಅಷ್ಟು ಚೆಂದ ಐತೇನೇ?"

"ಬಾಯಲ್ಲ, ಮಾತು ಚೆಂದ ಐತೆ. ಕಲ್ತರೆ ನಿಂಗೇನು ನೋವು? ನಿನ್ ಬಾಯಿಂದ ಬರಾದು ಬರೀ ಬೈಗುಳ."

ಆ ಡಬ್ಬಿಯೊಳಗಿಂದ ತನ್ನ ದನಿ ಬರಬೇಕು, ಅವಳು ಒದ್ದೆ ಕೈಯಲ್ಲಿ ನಿಂತು ಕೇಳಬೇಕು. ಅಷ್ಟೇ ಹಟ. ಊರಿನ ಇನ್ನೊಂದು ತುದಿಯ ಟಾಲಾದ ಬಾಡಿಗೆ ಕೋಣೆಯಲ್ಲಿ ಫೋನಿನ ವಿಡಿಯೊ ನೋಡಿಕೊಂಡು ತನ್ನದೇ ಟ್ರಾನ್ಸ್‌ಮಿಟರಿಗೆ ಬೆಸುಗೆ ಹಾಕಿದ. ಮೊದಲ ಟ್ರಾನ್ಸಿಸ್ಟರನ್ನು ತಿರುಗಾಮುರುಗಾ ಕೂರಿಸಿ ಸುಟ್ಟ. ಪೆನ್ಸಿಲಿಗೆ ತಾಮ್ರದ ತಂತಿ ಸುತ್ತಿ ಸುರುಳಿ ಮಾಡಿದ. ಹಿಗ್ಗಿಸಿದರೆ ಒಂದು ಸ್ಟೇಷನ್, ಒತ್ತಿದರೆ ಇನ್ನೊಂದು. ಬ್ಯಾಟರಿ, ಮೈಕು, ಆಂಟೆನಾಕ್ಕೆ ಮೊಳದುದ್ದದ ತಂತಿ. ದನಿ ಗೋಡೆ ದಾಟಿದರೆ ಹೆಚ್ಚು. ದಾಟಿದರೆ ಸಾಕಿತ್ತು. ಗಿರಾಕಿಗಳ ರೇಡಿಯೊ ತೂಗುಹಾಕಿದ್ದು ದೋಸೆಕಲ್ಲಿನ ಹಿಂದಿನ ಗೋಡೆಯ ಆಚೆ ಮಗ್ಗುಲಿಗೇ.

ರಾಜ್ಯೋತ್ಸವದ ದಿನ ಹೋಟೆಲು ತುಂಬಿತ್ತು. ಹಿಟ್ಟು ಮತ್ತೆ ನಾರುತ್ತಿತ್ತು, ಮತ್ತೆ ಸಕ್ಕರೆ ಬಿದ್ದಿತ್ತು. ಕ್ಯಾಬಿನ್ನಿನಿಂದ ಚಂದ್ರಕಾಂತ ಹೆಮ್ಮೆಯ ಕನ್ನಡಿಗರೇ ಎಂದು ಶುರುಮಾಡಿದ. ಚಿಕ್ಕಣ್ಣ ತಾನು ಕಟ್ಟಿ ತಂದಿದ್ದ ಟ್ರಾನ್ಸ್‌ಮಿಟರಿನ ಸುರುಳಿಯನ್ನು, ಅವನ ಸ್ಟೇಷನ್ನಿಗೆ ಕೂರುವಂತೆ, ಉಗುರಲ್ಲಿ ಒತ್ತಿದ. ಅಡುಗೆಮನೆಯ ರೇಡಿಯೊ ಕೀಂಯ್ ಎಂದಿತು. ಸಾಹುಕಾರನ ದನಿ ಮುಳುಗಿತು.

"ಇಟ್ಟು ಆಳಾಗೈತೆ. ತಿನ್ಬೇಡಿ."

ಗೋಡೆಯಾಚೆ ನಗು ಒಡೆಯಿತು. ಇಟ್ಟಂತೆ, ಆಳಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕಾಮಿಡಿ ಗ್ರ್ಯಾಂಡ್ ಆಗಿದೆ ಎಂದು ಯಾರೋ ಚಪ್ಪಾಳೆ ತಟ್ಟಿ, ತುಂಡನ್ನು ಚಟ್ನಿಗೆ ಅದ್ದಿದರು.

ಚಿಕ್ಕಣ್ಣ ಜಯಶೀಲಾಳ ಮುಖ ನೋಡಿದ. ಇವಳೂ ನಗುತ್ತಾಳೆ ಅಂದುಕೊಂಡ.

ಅವಳು ನಗಲಿಲ್ಲ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದು ಮೈಕು ಕಿತ್ತುಕೊಂಡಳು. ಥೇಟು ಸಾಹುಕಾರನ ಜೇನಿನಲ್ಲೇ ಹೇಳಿದಳು:

"ಹಿಟ್ಟು ಹಾಳಾಗಿದೆ. ಹಳಸಿದ ಹಿಟ್ಟು. ಹೊಟ್ಟೆಗೆ ಹಾಕಿಕೊಳ್ಳಬೇಡಿ."

ಆಚೆ ಅಗಿಯುವ ಸದ್ದು ನಿಂತಿತು. ಕ್ಯಾಬಿನ್ನಿನ ಬಾಗಿಲು ಧಡಾರನೆ ತೆರೆಯಿತು. ಸಾಹುಕಾರನ ಬೂಟುಗಳು ಅಡುಗೆಮನೆಯ ಕಡೆಗೇ ಬರುತ್ತಿದ್ದವು.

ಅವಳು ಮೈಕನ್ನು ಗಂಡನ ತುಟಿಗೆ ಹಿಡಿದಳು.

"ಈಗ ಬಯ್ಯಿ. ನಿನ್ ಬಾಯಲ್ಲೇ ಬಯ್ಯಿ."