ನೀಲಿಗಟ್ಟಿದ ರಿಂಗು

"ಎಮರಿ ಕಾಗದ ತಗೊಂಡು ಉಜ್ಜಿಬಿಡಿ ಬೆಟ್ಟಯ್ಯ. ಎರಡು ನಿಮಿಷದ ಕೆಲಸ," ಅಂದ ಮಾಲೀಕ ಚಂದ್ರಮೌಳಿ.

ಬೆಟ್ಟಯ್ಯ ಟೈಟಾನಿಯಂ ರಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಮೈ ನವಿಲಿನ ಕತ್ತಿನಂತೆ ನೀಲಿಗಟ್ಟಿತ್ತು. ಎಂಟು ದಿನ ಲೇತಿನ ಮುಂದೆ ನಿಂತು ಅವನೇ ಕಡೆದಿದ್ದ ರಿಂಗು. ಶಬ್ದಕ್ಕಿಂತ ವೇಗವಾಗಿ ಹಾರಲಿದ್ದ ಪ್ರಯೋಗದ ವಿಮಾನವೊಂದರಲ್ಲಿ, ಎಂಜಿನ್ನಿನ ಬೆಂಕಿಯ ಪಕ್ಕದಲ್ಲೇ ಕೂರಬೇಕಾದದ್ದು.

ಹಿಂದಿನ ದಿನ ಆಯುಧಪೂಜೆ. ಹಿನಕಲ್ ಪಕ್ಕದ ಆ ವರ್ಕ್‌ಶಾಪಿನ ಲೇತುಗಳನ್ನೆಲ್ಲ ತೊಳೆದು, ಲೋಹ ಕಾಯದಂತೆ ಸುರಿಸುವ ಕೂಲೆಂಟ್ ಖಾಲಿ ಮಾಡಿ, ಬೂದುಗುಂಬಳ ಒಡೆದಿದ್ದರು. ಅಂದು ಯಾರೂ ಮಿಷನ್ ಮುಟ್ಟುವಂತಿಲ್ಲ. ಚಂದ್ರಮೌಳಿ ಮಾತ್ರ, ಮಠದ ಅಯ್ಯನವರು ಕೊಟ್ಟ ಗಳಿಗೆ ಮೀರಬಾರದೆಂದು, ಶಾಸ್ತ್ರಕ್ಕೆ ಈ ರಿಂಗಿನ ಕೊನೆಯ ಕಟ್ ತಾನೇ ಹಾಕಿದ್ದ. ತೊಟ್ಟು ಕೂಲೆಂಟಿಲ್ಲದೆ.

"ಇದು ಬರೀ ಬಣ್ಣ ಅಲ್ಲ ಯಜಮಾನ್ರೆ, ಬೆಂದೋಗದೆ. ಉಜ್ಜುದ್ರೆ ನೀಲಿ ಹೋಯ್ತದೆ, ಒಳಗೆ ಗಾಜಿನಂಗೆ ಆಗಿರೋದು ಹೋಯ್ತದಾ? ಮೇಲೆ ಹೋದಾಗ ಸೀಳ್ಬುಟ್ರೆ?"

"ನಾಲ್ಕನೇ ಕ್ಲಾಸು ಓದಿ ನನಗೇ ಪಾಠ ಹೇಳ್ತೀರಾ? ಅದು ಟ್ರಯಲ್ ವಿಮಾನ ಕಣ್ರೀ. ಹಾರುತ್ತೋ ಇಲ್ವೋ!"

"ಹಾರ್ಸೋನೂ ಟ್ರಯಲ್ ಮನ್ಸನಾ?"

ಚಂದ್ರಮೌಳಿ ತಪಾಸಣೆಯ ಹುಡುಗಿಯ ಕಡೆ ತಿರುಗಿದ. "ಕುಸುಮ, ಉಜ್ಜಿದ ಮೇಲೆ ಪಾಸ್ ಅಂತ ಸೀಲ್ ಹಾಕಮ್ಮ." ಕುಸುಮ ಬೆಟ್ಟಯ್ಯನ ಹಿಂದಿನ ಮೇಜಿನಲ್ಲಿ ಅಳತೆಯ ಪುಸ್ತಕ ಬರೆಯುತ್ತಲೇ ಇದ್ದಳು.

ಬೆಟ್ಟಯ್ಯನೊಳಗೆ ಇಪ್ಪತ್ತೆಂಟು ವರ್ಷದ ಕೆಂಡ ಬೂದಿ ಕೊಡವಿಕೊಂಡಿತು. ಎಪ್ಪತ್ತನೇ ಇಸವಿಯಲ್ಲಿ ಮೇಸ್ತ್ರಿ ಹೇಳಿದನೆಂದು ಅವನು ಹೀಗೆಯೇ ಬೆಂದ ಶಾಫ್ಟೊಂದನ್ನು ಉಜ್ಜಿ ಕೊಟ್ಟಿದ್ದ. ಮೂರನೇ ದಿನ ಅದು ಮುರಿದು ಜೊತೆಗಾರ ಪುಟ್ಟಮಾದಯ್ಯನ ಬಲಗೈಯ ಮೂರು ಬೆರಳು ಹೋದವು. ವಿಚಾರಣೆಯಲ್ಲಿ ಬೆಟ್ಟಯ್ಯ ಬಾಯಿ ಬಿಟ್ಟಿರಲಿಲ್ಲ. ಆಮೇಲೂ ಪುಟ್ಟಮಾದಯ್ಯ ಉಳಿದ ಎರಡು ಬೆರಳಲ್ಲೇ ಬೀಡಿ ಹಿಡಿದು, "ಏನ್ ಮಾಡಾದು ಬುಡಣ್ಣ, ಹಣೆಬರಾ" ಅನ್ನುತ್ತಿದ್ದ.

ಬೆಟ್ಟಯ್ಯ ರಿಂಗನ್ನು ಮೇಜಿನ ವೈಸಿನ ದವಡೆಗೆ ಸಿಕ್ಕಿಸಿ ಬಿಗಿದ. ಗೂಟದಲ್ಲಿದ್ದ ಗರಗಸ ಇಳಿಸಿಕೊಂಡು ರಿಂಗಿನ ಅಂಚಿಗೇ ಇಟ್ಟು ಎಳೆದ.

"ಏಯ್! ತಲೆ ಕೆಟ್ಟಿದೆಯೇನ್ರೀ? ಬೇರೆ ಲೋಹ ಎಲ್ಲಿಂದ ತರಲಿ ನಾನು? ನಾಳೆಯಿಂದ ಈ ಬಾಗಿಲು ತುಳೀಬೇಡಿ!"

"ಆಗ್ಲಿ. ಇವತ್ತಿನ ಕೆಲ್ಸ ಮುಗುಸ್ಬುಟ್ಟು ಹೋಯ್ತೀನಿ."

ಲೋಹ ಸುಲಭಕ್ಕೆ ಬಗ್ಗಲಿಲ್ಲ. ಕಾಲುಭಾಗಕ್ಕೆ ಮೊದಲ ಬ್ಲೇಡಿನ ಹಲ್ಲು ಸವೆಯಿತು. ಎರಡನೆಯದು ಟಣ್ಣನೆ ತುಂಡಾಯಿತು. ಅವನು ಹಣೆಯ ಬೆವರು ತೋಳಿಗೆ ಒರೆಸಿಕೊಂಡು, ಕಣ್ಣೆತ್ತದೆ ಹಿಂದಕ್ಕೆ ಕೈ ಚಾಚಿದ.

ಕುಸುಮ ಡ್ರಾಯರ್ ಎಳೆದು ಹೊಸ ಬ್ಲೇಡೊಂದನ್ನು ತೆಗೆದಳು. ಅದರ ಎಣ್ಣೆಕಾಗದ ಬಿಡಿಸಿ ಅವನ ಅಂಗೈಯಲ್ಲಿಟ್ಟಳು.