ಹಿಡಿದು ಹೊಲಿದ ಪ್ಯಾಂಟು

ಕಾಲೇಜಿಗೆ ಹೋಗುವ ಮಗಳು ಅಪ್ಪನ ದರ್ಜಿ ಅಂಗಡಿಗೆ ಬಂದು ಬೂದು ಬಣ್ಣದ ಪ್ಯಾಂಟನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟಳು. “ಸೊಂಟದಲ್ಲಿ ನಿಲ್ತಿಲ್ಲ ಅಪ್ಪಾ. ಇನ್ನೊಂಚೂರು ಹಿಡಿದ್ಕೊಡು.”

“ಮತ್ತೇನಾ? ಹೀಗೇ ಆದ್ರೆ ಇದೊಂದ್ರಲ್ಲೇ ಎರಡು ಪ್ಯಾಂಟು ಹೊಲೀಬಹುದು ಕಣೇ!”

ದರ್ಜಿಯ ಈ ಮಾತಿಗೆ ಗಿರಾಕಿಗಳಾಗಿದ್ದರೆ ನಕ್ಕುಬಿಡುತ್ತಿದ್ದರು. ಅವಳು ನಗಲಿಲ್ಲ. ನೆಲದ ಮೇಲಿನ ದಾರದ ತುಣುಕುಗಳನ್ನು ನೋಡುತ್ತ ನಿಂತಳು.

ಅವನು ಪ್ಯಾಂಟಿನ ಒಳಮೈ ಹೊರಳಿಸಿದ. ಒಂದರ ಪಕ್ಕ ಒಂದು ಹೊಲಿಗೆಯ ಗೆರೆ. ಎಲ್ಲವೂ ಅವನದೇ ಕೈಯವು. ಮೊದಲ ಸಲ ಹಿಡಿದಾಗ ಹೆಂಡತಿ ಹೇಳಿದ್ದಳು: “ಇವಳು ಸರಿಯಾಗಿ ಉಣ್ತಿಲ್ಲ. ಗೆಳತಿಯರು ಬಂದ್ರೂ ರೂಮಿಂದ ಹೊರಗೆ ಬರಲ್ಲ. ಒಂದ್ಮಾತು ಕೇಳಿ ನೋಡ್ರೀ.” ಪರೀಕ್ಷೆ ಮುಗಿದರೆ ಸರಿಹೋಗ್ತಾಳೆ ಎಂದಿದ್ದ. ಮುಂದಿನ ಸಲ ಹೆಂಡತಿ ಚುಚ್ಚಿಯೇ ಮಾತಾಡಿದಳು: “ಕಂಡವರ ಅಳತೆಯೆಲ್ಲ ಬಾಯಿಪಾಠ. ಮನೆ ಮಗಳು ಮಾತ್ರ ಕಣ್ಣಿಗೆ ಬೀಳಲ್ಲ ನಿಮಗೆ.” ಅವನು ಪೆಡಲು ತುಳಿದಿದ್ದ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.

“ನಿಂತ್ಕೋ,” ಎಂದು ಟೇಪು ಸುತ್ತಿದ. ಅಳತೆಗೆ ನಿಂತವರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಕನ್ನಡಿಯತ್ತ ಕಣ್ಣು ಹಾಯಿಸುತ್ತಾರೆ. ಇವಳು ಹ್ಯಾಂಗರಿಗೆ ತೂಗುಹಾಕಿದ ಅಂಗಿಯಂತೆ ನಿಂತಿದ್ದಳು. ಅವನ ಕೈಯಿಂದ ಟೇಪು ಜಾರಿತು.

“ಏನಾಗ್ತಿದೆ ಮಗಳೇ ನಿಂಗೆ?”

“ಗೊತ್ತಾಗ್ತಿಲ್ಲ.” ಬಿದ್ದ ಟೇಪನ್ನು ಎತ್ತಿಕೊಡುತ್ತ ಹೇಳಿದಳು: “ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ. ಯಾವುದೂ ಬೇಡ ಅನ್ಸುತ್ತೆ. ಮೊದಲ್ನೇ ಸಲ ಪ್ಯಾಂಟು ತಂದಾಗ್ಲೇ ಹೇಳೋಣ ಅಂತ ಬಂದಿದ್ದೆ.”

“ಹೇಳ್ಬಾರ್ದಿತ್ತೇನೇ?”

“ನೀನು ‘ಎಷ್ಟು ಹಿಡೀಲಿ?’ ಅಂತ ಕೇಳ್ದೆ.”

ಅವನು ಪ್ಯಾಂಟನ್ನು ಮತ್ತೆ ಹೊರಳಿಸಿ ಕಂಕುಳಲ್ಲಿಟ್ಟುಕೊಂಡ.

“ಕಾಲೇಜಲ್ಲಿ ಮೇಡಂ ಒಬ್ರು ಮನೋವೈದ್ಯರ ನಂಬರ್ ಕೊಟ್ಟಿದ್ದಾರೆ,” ಎಂದಳು ಮಗಳೇ. “ಒಬ್ಬಳೇ ಹೋಗೋಕಾಗ್ಲಿಲ್ಲ.”

“ಫೋನ್ ಮಾಡು. ನಾನೂ ಬರ್ತೀನಿ.”

“ಅಂಗಡಿ?”

“ಅದೆಲ್ಲಿಗೂ ಓಡಿಹೋಗಲ್ಲ,” ಎನ್ನುತ್ತ ಆಗಲೇ ಅರ್ಧ ಷಟರು ಎಳೆದಿದ್ದ. ಪ್ಯಾಂಟು ಇನ್ನೂ ಕಂಕುಳಲ್ಲೇ ಇತ್ತು.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಮಗಳ ಮಾತನ್ನೆಲ್ಲ ಕೇಳಿಸಿಕೊಂಡರು. ಇದು ಸೋಮಾರಿತನವಲ್ಲ, ಖಿನ್ನತೆ, ಚಿಕಿತ್ಸೆಯಿದೆ ಎಂದರು. “ಇದೆಲ್ಲ ಯಾವಾಗಿಂದ?”

ಮಗಳು ನೆನಪಿಸಿಕೊಳ್ಳಲು ಹೆಣಗಿದಳು. ದರ್ಜಿ ಪ್ಯಾಂಟನ್ನು ಮೇಜಿನ ಮೇಲಿಟ್ಟು ಒಳಮೈ ಹೊರಳಿಸಿದ. ಎಲ್ಲಕ್ಕಿಂತ ಹಳೆಯ ಗೆರೆಯ ಮೇಲೆ ಬೆರಳಿಟ್ಟ.

“ಈ ಹೊಲಿಗೆ ಹಾಕಿದಾಗಿಂದ ಡಾಕ್ಟ್ರೇ,” ಎಂದ. “ನಾನೇ ಹಾಕಿದ್ದು.”